ಮನೆ ದಾಟದ ಅಂಚೆ

ಸರಳಾಳಿಂದ ಅಣ್ಣ ಸುಬ್ರಮಣಿಗೆ
ಕಿನ್ನೋರ್, ಹಿಮಾಚಲ ಪ್ರದೇಶ, 8 ಫೆಬ್ರವರಿ 2011, ಮಂಗಳವಾರ

ಅಣ್ಣಾ,

ಈ ಇ-ಮೇಲ್ ವಿಳಾಸದಿಂದ ಪತ್ರ ಬಂದದ್ದು ನೋಡಿ ನಿನಗೆ ಆಶ್ಚರ್ಯವಾಗಿರಬಹುದು. ಮದುವೆಗೆ ಮೊದಲು ಹೆಬ್ಬಾಳದ ಆಫೀಸಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದಾಗ ಮನೆಯವರಿಗೆಲ್ಲ ಇರಲಿ ಎಂದು ಅಪ್ಪನ ಹೆಸರಿನಲ್ಲಿ ಮಾಡಿಸಿದ್ದೆನಲ್ಲ, ಆ ಹಳೆಯ ವಿಳಾಸ. ಮೂರು ವರ್ಷದಿಂದ ಮುಟ್ಟಿರಲಿಲ್ಲ. ಇಲ್ಲಿಗೆ ಬಂದ ಮೇಲೆ ನಿಮಗೆ ಬರೆಯುತ್ತಿದ್ದ ಇನ್ನೊಂದು ವಿಳಾಸ ಜಗನ್‌ಗೂ ನನಗೂ ಸೇರಿದ್ದು. ಪಾಸ್‌ವರ್ಡ್ ಇಬ್ಬರಿಗೂ ಗೊತ್ತು. ಈ ವಿಷಯಕ್ಕೆ ನೀನು ಇದಕ್ಕೇ ಬರೆ. ಅದಕ್ಕೆ ಬೇಡ.

ವಿಷಯ ಇಷ್ಟು. ಇಲ್ಲಿನ ಅಣೆಕಟ್ಟಿನ ಕೆಲಸ ಮಾರ್ಚ್‌ಗೆ ಮುಗಿಯುತ್ತದೆ. ಜಗನ್ ಅವರನ್ನು ಕಂಪನಿ ಐದು ವರ್ಷಕ್ಕೆ ಭೂತಾನಿನ ಸೈಟಿಗೆ ಕಳಿಸುತ್ತಿದೆ. ಕುಟುಂಬವೂ ಜೊತೆಗೆ ಹೋಗುವ ಪರವಾನಗಿ ಕಾಗದಕ್ಕೆ ನಾನು ಮಾರ್ಚ್ ಕೊನೆಯ ದಿನದೊಳಗೆ ಸಹಿ ಹಾಕಬೇಕು. ಹಾಕದೆ ಮನೆಗೆ ಬಂದುಬಿಡಬಹುದೇ? ಹಬ್ಬಕ್ಕೆ ಬರುವುದಲ್ಲ. ಬಂದು ಇರುವುದು.

ಜಗನ್ ಕೆಟ್ಟವರಲ್ಲ. ಹೊಡೆದಿಲ್ಲ, ಬೈದಿಲ್ಲ, ಕುಡಿಯುವುದಿಲ್ಲ. ಯಾರಾದರೂ ಕೇಳಿದರೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ಆದ್ದರಿಂದ ಕಾರಣ ಕೇಳಬೇಡ.

ಫೋನಿನಲ್ಲಿ ಈ ಮಾತು ಎತ್ತಬೇಡ. ಇಲ್ಲಿ ಕ್ವಾರ್ಟರ್ಸಿನಲ್ಲಿರುವುದು ಒಂದೇ ಕೋಣೆ, ಫೋನ್ ಅವರ ಹತ್ತಿರ. ಅಲ್ಲಿ ಎತ್ತಿಕೊಳ್ಳುವವಳು ಅಮ್ಮ. ಕಾಗದವೂ ಬೇಡ, ಅಂಚೆ ಸೈಟ್ ಆಫೀಸಿಗೆ ಬಂದು ಅವರ ಮೇಜಿಗೆ ಹೋಗುತ್ತದೆ. ಮಧ್ಯಾಹ್ನದ ಹೊತ್ತು ಪ್ರಾಜೆಕ್ಟ್ ಶಾಲೆಯಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡಲು ಹೋಗುತ್ತೇನೆ. ಅಲ್ಲಿ ಈ ಪತ್ರಗಳನ್ನು ತೆರೆದು ನೋಡಬಲ್ಲೆ.

ಅತ್ತಿಗೆಯನ್ನು ಕೇಳಿಯೇ ಹೇಳು. ಬಾ ಅಂತಲೋ ಬೇಡ ಅಂತಲೋ ಒಂದು ಸಾಲು ಸಾಕು. ಎರಡನೆಯ ಸಲ ಕೇಳುವ ಶಕ್ತಿ ನನಗಿಲ್ಲ.

ಸರಳಾ


ಸುಬ್ರಮಣಿಯಿಂದ ಸರಳಾಗೆ, ಮನೆಯ ಕಂಪ್ಯೂಟರಿನಿಂದ
ಕೋಗಿಲು, 8 ಫೆಬ್ರವರಿ, ಸಂಜೆ

ಸರಳಾ,

ಬಾ.

ಪ್ರೆಸ್‌ನಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಓದಿದೆ. ತೇಜಸ್ವಿನಿ ಅಡುಗೆಮನೆಯಲ್ಲಿದ್ದಳು. ಹೇಳಿದೆ. "ಇದನ್ನೂ ಕೇಳ್ತಾರೇನ್ರೀ? ಬರೋಕ್ ಹೇಳಿ," ಅಂದಳು. ಆಮೇಲೂ ಏನೋ ಹೇಳಿದಳು. ಕುಕ್ಕರ್ ಕೂಗಿತು, ಕೇಳಿಸಲಿಲ್ಲ. ಅಮ್ಮನಿಗೆ ಹೇಳಿಲ್ಲ. ಅಮ್ಮನಿಗೆ ಹೇಳಿದರೆ ನಾಳೆ ಹಾಲಿನವನು ನನ್ನನ್ನೇ "ತಂಗಿ ಯಾವಾಗ್ ಬರ್ತಾರಣ್ಣ" ಅಂತ ಕೇಳುತ್ತಾನೆ.

ಜಾಗದ ಚಿಂತೆ ಬೇಡ. ಅದನ್ನು ನನಗೆ ಬಿಡು. ಕಾರಣ ಕೇಳುವುದಿಲ್ಲ. ಯಾವ ದಿನ, ಯಾವ ರೈಲು, ಅದೊಂದು ಬರೆ. ಯಶವಂತಪುರಕ್ಕೆ ನಾನೇ ಬರುತ್ತೇನೆ.

ಅಣ್ಣ


ಸುಬ್ರಮಣಿಯಿಂದ ಸರಳಾಗೆ, ಮನೆಯ ಕಂಪ್ಯೂಟರಿನಿಂದ
ಕೋಗಿಲು, 17 ಫೆಬ್ರವರಿ

ಸರಳಾ,

ನಿನ್ನಿಂದ ಮತ್ತೆ ಏನೂ ಬರಲಿಲ್ಲ. ದಿನಕ್ಕೊಂದು ಕಾರಣ ಹುಡುಕಿಕೊಳ್ಳುತ್ತಿದ್ದೇನೆ. ಹಿಮ ಬಿದ್ದು ಕರೆಂಟ್ ಹೋಗಿರಬಹುದು. ಶಾಲೆಗೆ ರಜೆ ಇರಬಹುದು.

ಮಾಘ ಮಾಸ, ಪ್ರೆಸ್‌ನಲ್ಲಿ ಲಗ್ನಪತ್ರಿಕೆಗಳ ರಾಶಿ. ನಿನ್ನೆ ಒಂದು ಪ್ರೂಫಿನಲ್ಲಿ ವರನ ಹೆಸರಿರಬೇಕಾದ ಜಾಗದಲ್ಲಿ ವಧುವಿನ ತಂದೆಯ ಹೆಸರು ಬಂದಿದ್ದನ್ನು ಹಾಗೇ ಬಿಟ್ಟುಬಿಟ್ಟೆ. ಮಾಲೀಕರು ಎಲ್ಲರೆದುರು, "ಏನ್ ಗುರು, ಮಾವನ್ಗೇ ಮದ್ವೆ ಮಾಡ್ಸ್‌ಬಿಟ್ಯಲ್ಲಾ!" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹದಿನಾರು ವರ್ಷದಲ್ಲಿ ನನ್ನ ಕೈಯಲ್ಲಿ ಇಂಥ ತಪ್ಪು ಆಗಿರಲಿಲ್ಲ.

ಭಾನುವಾರ ನೀನು ಫೋನ್ ಮಾಡಿದಾಗ ಅಮ್ಮನ ಪಕ್ಕದಲ್ಲೇ ನಿಂತಿದ್ದೆ. ನೀನು ಅಮ್ಮನ ಮಂಡಿ ನೋವು ಕೇಳಿದೆ, ಅವರೆಕಾಯಿ ಇನ್ನೂ ಬರ್ತಿದೆಯಾ ಅಂತ ಕೇಳಿದೆ. ನನ್ನನ್ನು ಕೇಳಲಿಲ್ಲ. ಮನಸ್ಸು ಬದಲಾಗಿದ್ದರೆ ಅದನ್ನಾದರೂ ಬರೆದು ತಿಳಿಸು. ನಾನು ಹೇಳಿದ ಮಾತು ಹಾಗೇ ಇದೆ.

ಅಣ್ಣ


ಸರಳಾಳಿಂದ ಸುಬ್ರಮಣಿಗೆ
ಕಿನ್ನೋರ್, 21 ಫೆಬ್ರವರಿ

ಅಣ್ಣಾ,

ನಿನ್ನೆ ಅಮ್ಮ ಫೋನಿನಲ್ಲಿ ಬಹಳ ಖುಷಿಯಾಗಿ ಹೇಳಿದಳು: "ನಿನ್ ರೂಮು ಬಾಡ್ಗೆಗ್ ಕೊಟ್ಟಿದೀವಿ ಕಣೆ. ಗದಗಿನೋರು, ಬ್ಯಾಂಕಲ್ಲವ್ರೆ. ಒಂಟಿ ಆಸಾಮಿ. ದಿನಾ ರೊಟ್ಟಿ ತಟ್ತಾರೆ, ಮನೆಯೆಲ್ಲಾ ಪಟಪಟ ಅಂತದೆ."

ಒಳ್ಳೆಯದಾಯಿತು. ಖಾಲಿ ಬಿಟ್ಟ ಕೋಣೆಗೆ ಗೆದ್ದಲು ಹಿಡಿಯುತ್ತದೆ.

ಇಲ್ಲಿ ಹಿಮ ಕರಗುತ್ತಿದೆ. ನದಿಯ ನೀರು ಬೂದು ಬಣ್ಣಕ್ಕೆ ತಿರುಗಿದೆ. ಭೂತಾನಿನ ಸೈಟಿನಲ್ಲಿ ಕ್ವಾರ್ಟರ್ಸ್ ಇದಕ್ಕಿಂತ ದೊಡ್ಡದಂತೆ, ಎರಡು ಕೋಣೆ. ನಾನು ಕೇಳಿದ್ದನ್ನು ಮರೆತುಬಿಡು. ನನಗೆ ಅರ್ಥವಾಯಿತು. ಅತ್ತಿಗೆಗೆ ನನ್ನ ನಮಸ್ಕಾರ.

ಸರಳಾ


ಸುಬ್ರಮಣಿಯಿಂದ ಸರಳಾಗೆ, ಮನೆಯ ಕಂಪ್ಯೂಟರಿನಿಂದ
ಕೋಗಿಲು, 22 ಫೆಬ್ರವರಿ

ಸರಳಾ,

ರೂಮಿನ ವಿಷಯ ನಾನು ಮೊದಲೇ ಹೇಳಬೇಕಿತ್ತು. ಹೇಳಿದರೆ ನೀನು ಬರುವುದಿಲ್ಲ ಅಂತ ಬಿಟ್ಟೆ. ಬಾಡಿಗೆಗೆ ಕೊಟ್ಟದ್ದು ದಸರಾ ಹೊತ್ತಿನಲ್ಲಿ, ನಿನ್ನ ಪತ್ರ ಬರುವುದಕ್ಕೆ ಎಷ್ಟೋ ಮೊದಲು. ಪತ್ರ ಬಂದ ಮಾರನೆಯ ಬೆಳಿಗ್ಗೆಯೇ ರೂಮಿನಲ್ಲಿರುವ ವೀರಬಸಪ್ಪನವರಿಗೆ ಹೇಳಿದೆ. "ಮನಿ ಮಗಳು ಬರ್ತಾಳಂದ್ರ ನಾವ್ ಯಾವ್ ಲೆಕ್ಕರೀ," ಅಂದರು. ಸಹಕಾರನಗರದಲ್ಲಿ ಮನೆ ನೋಡುತ್ತಿದ್ದಾರೆ. ಎರಡು ಕಡೆ ರೊಟ್ಟಿ ತಟ್ಟುವ ಸದ್ದಿಗೇ ಬೇಡ ಅಂದರಂತೆ.

ನಾನು ಕರೆದದ್ದು ರೂಮು ನೋಡಿಕೊಂಡಲ್ಲ. ಅದೊಂದು ಕಾರಣಕ್ಕೆ ನನ್ನ ಮಾತನ್ನೇ ಪಕ್ಕಕ್ಕೆ ಸರಿಸಿ ಗೆದ್ದಲಿನ ವಿಷಯ ಬರೆಯುತ್ತೀಯ ಅಂದುಕೊಂಡಿರಲಿಲ್ಲ. ತೇಜಸ್ವಿನಿ, "ನಿಮ್ ಮನೆಯೋರ್ದು ಎಲ್ರದ್ದೂ ಒಂದೇ ಬುದ್ಧಿ, ಬಾಯ್ ಬಿಟ್ಟು ಏನೂ ಹೇಳಲ್ಲ," ಅನ್ನುತ್ತಾಳೆ. ಇರಬಹುದು. ಇನ್ನೂ ಹೇಗೆ ಕರೆಯಬೇಕೋ ನನಗೆ ತಿಳಿಯುತ್ತಿಲ್ಲ.

ಅಣ್ಣ


ಸರಳಾಳಿಂದ ಸುಬ್ರಮಣಿಗೆ
ಕಿನ್ನೋರ್, 11 ಮಾರ್ಚ್

ಅಣ್ಣಾ,

ಇನ್ನು ಬರೆಯಬಾರದು ಅಂದುಕೊಂಡಿದ್ದೆ. ಆದರೆ ಹೇಳದೆ ಹೋದರೆ ಅದು ಒಳಗೇ ಉಳಿಯುತ್ತದೆ.

ನಾನು ಒಂದು ಸಾಲು ಕೇಳಿದ್ದೆ. ನೀನು ಒಂದಕ್ಷರವನ್ನೂ ಬರೆಯಲಿಲ್ಲ. 'ಬೇಡ' ಅಂತ ಬರೆದಿದ್ದರೂ ಸರಿ, ಒಂದು ಉತ್ತರ ಅಂತ ಇಟ್ಟುಕೊಳ್ಳುತ್ತಿದ್ದೆ. ಕೋಣೆ ಬಾಡಿಗೆಗೆ ಹೋಗಿದೆ ಅನ್ನುವುದನ್ನು ಅಮ್ಮನ ಬಾಯಿಂದ ಕೇಳುವ ಹಾಗೆ ಮಾಡಿದೆ.

ಇಲ್ಲಿ ಶಾಲೆಯಲ್ಲಿ ಕುಬ್ರಾ ಅಂತ ಒಬ್ಬ ಟೀಚರ್ ಇದ್ದಾಳೆ, ಬೀದರಿನವಳು. ಕನ್ನಡ ಮಾತಾಡುವವರು ನಾವಿಬ್ಬರೇ. ದಿನಾ ನಾನು ಪರದೆಯ ಮುಂದೆ ಕೂತು ಎದ್ದು ಬರುವುದನ್ನು ನೋಡಿ, "ನಿಮ್ಮಣ್ಣಗ ಕೈ ನೋವಾಗ್ಯಾದೇನು?" ಅಂದಳು. ಆಮೇಲೆ ಅವಳೇ, ದಾರಿಯಲ್ಲಿ ಏನಾದರೂ ಕೆಟ್ಟಿರಬಹುದು ನೋಡು ಅಂದಳು. ಶಾಲೆಯ ವಿಳಾಸದಿಂದ ನನಗೇ ಒಂದು ಪತ್ರ ಕಳಿಸಿ ನೋಡಿದೆ. ತಕ್ಷಣ ಬಂತು. ದಾರಿ ಸರಿಯಾಗಿದೆ. ನೀನು ಬರೆದಿದ್ದರೆ ಬರುತ್ತಿತ್ತು.

ಅತ್ತಿಗೆಗೆ ಕಷ್ಟವಾಗುತ್ತದೆ, ನಿನಗೆ ಅದನ್ನು ಹೇಳಲು ಬಾಯಿ ಬರುತ್ತಿಲ್ಲ ಅಂದುಕೊಂಡಿದ್ದೇನೆ. ಕೋಪವಿಲ್ಲ. ಟ್ರಂಕುಗಳನ್ನು ಕಟ್ಟಲು ಶುರು ಮಾಡಿದ್ದೇವೆ. ಕೊನೆಯ ದಿನದವರೆಗೂ ಕಾಯಬೇಕಾಗಿಲ್ಲ, ಬರುವ ವಾರ ಸಹಿ ಹಾಕಿಬಿಡುತ್ತೇನೆ.

ಸರಳಾ


ಸುಬ್ರಮಣಿಯಿಂದ ಸರಳಾಗೆ, ಪ್ರೆಸ್‌ನ ವಿಳಾಸದಿಂದ
ಯಲಹಂಕ, 12 ಮಾರ್ಚ್

ಸರಳಾ,

ಸಹಿ ಹಾಕಬೇಡ.

ಇದು ಪ್ರೆಸ್‌ನ ವಿಳಾಸ, ಗಿರಾಕಿಗಳು ಮ್ಯಾಟರ್ ಕಳಿಸುವುದು ಇದಕ್ಕೆ. ಮಾಲೀಕರು ಓದಿದರೆ ಓದಲಿ. ಮನೆಯಿಂದ ನಿನಗೆ ಮೂರು ಪತ್ರ ಬರೆದಿದ್ದೇನೆ. ಮೊದಲನೆಯದನ್ನು ನಿನ್ನದು ಬಂದ ದಿನವೇ ಸಂಜೆ ಬರೆದೆ. ಅದರ ಮೊದಲ ಮಾತು 'ಬಾ'. ಆಮೇಲಿನ ಎರಡರಲ್ಲೂ ಅದೇ ಇದೆ, ಸ್ವಲ್ಪ ಸಿಟ್ಟಿನೊಂದಿಗೆ. ಯಾವುದೂ ನಿನಗೆ ಮುಟ್ಟಿಲ್ಲ ಅನ್ನುವುದು ನಿನ್ನೆಯವರೆಗೂ ನನಗೆ ಹೊಳೆಯಲಿಲ್ಲ. ನೀನು ಓದಿ ಸುಮ್ಮನಿದ್ದೀಯ ಅಂದುಕೊಂಡಿದ್ದೆ.

ರೂಮು ಈ ತಿಂಗಳ ಕೊನೆಗೆ ಖಾಲಿಯಾಗುತ್ತದೆ. ಬಾ.

ಅಣ್ಣ


ಸರಳಾಳಿಂದ ಸುಬ್ರಮಣಿಗೆ
ಕಿನ್ನೋರ್, 14 ಮಾರ್ಚ್

ಅಣ್ಣಾ,

ನಿನ್ನ ಪತ್ರವನ್ನು ಹಲವು ಸಲ ಓದಿದೆ. ನಂಬಬೇಕು ಅನ್ನಿಸುತ್ತದೆ. ಆದರೆ ನನಗೆ ಈ ಕೆಲಸ ಗೊತ್ತು, ಅದೇ ಕಷ್ಟ. ಪತ್ರ ಹಾಗೆ ಆವಿಯಾಗುವುದಿಲ್ಲ. ಹೋದರೆ ಹೋಗಿದೆ, ಇಲ್ಲವಾದರೆ ಸಾಲಿನಲ್ಲಿ ಕಾಯುತ್ತಿರುತ್ತದೆ, ಅದೂ ಅಲ್ಲವಾದರೆ 'ಇಂಥವರು ಇಲ್ಲ' ಅಂತ ಕಳಿಸಿದವನಿಗೇ ವಾಪಸ್ ಬರುತ್ತದೆ. ಮೂರಕ್ಕೆ ಮೂರೂ ಸದ್ದಿಲ್ಲದೆ ಎಲ್ಲಿಗೆ ಹೋದವು?

ನೀನು ಸುಳ್ಳು ಹೇಳುತ್ತೀಯ ಅನ್ನುತ್ತಿಲ್ಲ. ನನ್ನ 11ರ ಪತ್ರ ನೋಡಿ ಮರುಕಪಟ್ಟು, ನಾನು ನೊಂದುಕೊಳ್ಳಬಾರದು ಅಂತ, ಮೊದಲೇ ಕರೆದಿದ್ದೆ ಅನ್ನುತ್ತಿರಬಹುದು. ನೀನು ಹಾಗೆ ಮಾಡುವವನೇ. ಹತ್ತನೆಯ ಕ್ಲಾಸಿನಲ್ಲಿ ನಾನು ಮುರಿದ ನಿನ್ನ ಪೆನ್ನು ನಿನ್ನ ಕೈಯಲ್ಲೇ ಮುರಿಯಿತು ಅಂತ ನೀನು ಹೇಳಿದ್ದೆ. ಆದರೆ ಮರುಕಕ್ಕೆ ತೆರೆದ ಬಾಗಿಲು ಒಂದು ವರ್ಷ ತೆರೆದಿರುತ್ತದೆ, ಆಮೇಲೆ ಎಲ್ಲರಿಗೂ ಕಷ್ಟ. ಹಾಗೆ ಬರುವುದಕ್ಕಿಂತ ಸಹಿ ಹಾಕುವುದು ಮೇಲು. ನಾನು ಕೇಳಿದ ದಿನ ನೀನು ಏನಂದೆ ಅನ್ನುವುದಷ್ಟೇ ನನಗೆ ಬೇಕು.

ಈ ವಾರ ಸಹಿ ಹಾಕುವುದಿಲ್ಲ. ಮನೆಯ ಕಂಪ್ಯೂಟರಿನಲ್ಲಿ ಕಪ್ಪು ಪರದೆ ತೆರೆ. 'ಮೇಲ್‌ಕ್ಯೂ' ಅಂತ ಟೈಪ್ ಮಾಡು. ಕಾಯುತ್ತಿರುವ ಪತ್ರಗಳಿದ್ದರೆ ಅಲ್ಲಿ ಕಾಣುತ್ತವೆ. ಆಮೇಲೆ ಅಂಚೆಯ ಲಾಗ್ ತೆರೆ. ಯಾವ ಪತ್ರ ಯಾವಾಗ ಏನಾಯಿತು ಅಂತ ಯಂತ್ರ ಅದರಲ್ಲಿ ಒಂದೊಂದು ಸಾಲು ಬರೆದಿಟ್ಟಿರುತ್ತದೆ. ಅದಕ್ಕೆ ಬೇಕಾದ ಪಾಸ್‌ವರ್ಡನ್ನು ದೇವರ ಕೋಣೆಯ ಕ್ಯಾಲೆಂಡರಿನ ಹಿಂದೆ ಬರೆದಿದ್ದೆ.

ಸರಳಾ


ಸುಬ್ರಮಣಿಯಿಂದ ಸರಳಾಗೆ, ಪ್ರೆಸ್‌ನ ವಿಳಾಸದಿಂದ
ಯಲಹಂಕ, 15 ಮಾರ್ಚ್

ಸರಳಾ,

ಪೆನ್ನಿನ ವಿಷಯ ನಿನಗೆ ಗೊತ್ತಿತ್ತು ಅನ್ನುವುದು ನನಗೆ ಗೊತ್ತಿರಲಿಲ್ಲ.

ಆ ಕ್ಯಾಲೆಂಡರನ್ನು ಅಮ್ಮ ಅಟ್ಟದ ಡಬ್ಬಗಳ ಕೆಳಗೆ ಹಾಸಿದ್ದಳು. ಹುಡುಕಿದೆ. ಅವಳು ಪಕ್ಕದಲ್ಲೇ ನಿಂತು, "ಏನೋ ಅದು, ಟೀವಿ ಸತ್ತೋದಂಗೆ ಕಪ್ಪಗೈತೆ? ಕೆಡಿಸ್ಬ್ಯಾಡ ಕಣೋ, ಸರಳಾ ಮಾಡಿಕೊಟ್ಟಿದ್ದು," ಅನ್ನುತ್ತಿದ್ದಳು.

ಕಾಯುವ ಸಾಲು ಖಾಲಿ. ಲಾಗ್ ನಾಲ್ಕು ವಾರದ್ದು ಮಾತ್ರ ಇದೆ, ಅದಕ್ಕಿಂತ ಹಳೆಯದನ್ನು ಅದೇ ಅಳಿಸಿಕೊಳ್ಳುತ್ತದಂತೆ. ಹಾಗಾಗಿ 8ರ ಪತ್ರದ ಸಾಲಿಲ್ಲ. 17ರದ್ದೂ 22ರದ್ದೂ ಇವೆ. ನಡುವಿನ ಅಂಕಿಗಳನ್ನು ಬಿಟ್ಟು ಮುಖ್ಯವಾದದ್ದನ್ನು ಬರೆಯುತ್ತೇನೆ: ನಿನ್ನ ವಿಳಾಸ, ದಿನ, ಕೊನೆಯಲ್ಲಿ 'ಸೆಂಟ್'. ಎರಡರಲ್ಲೂ ಹಾಗೆಯೇ. ಕಳಿಸಿದೆ ಅಂತ ಅದೇ ಹೇಳುತ್ತಿದೆಯಲ್ಲ.

ನಿನಗೆ ಬೇಕಾದದ್ದು 8ನೇ ತಾರೀಖಿನದು, ಅದಿಲ್ಲ ಅಂತ ನನಗೂ ಗೊತ್ತು.

ಅಣ್ಣ


ಸರಳಾಳಿಂದ ಸುಬ್ರಮಣಿಗೆ
ಕಿನ್ನೋರ್, 16 ಮಾರ್ಚ್

ಅಣ್ಣಾ,

ಪ್ರೂಫ್ ನೋಡುವವನು ನಡುವಿನದನ್ನು ಬಿಡಬಾರದು. 'ಸೆಂಟ್' ಅಂದರೆ ಯಂತ್ರ ಅದನ್ನು ಯಾರದೋ ಕೈಗೆ ಕೊಟ್ಟಿದೆ ಅಂತಷ್ಟೇ. ಯಾರ ಕೈಗೆ? ಅದೇ ಸಾಲಿನಲ್ಲಿ 'ರಿಲೇ' ಅನ್ನುವ ಮಾತಿನ ಪಕ್ಕದಲ್ಲಿ ನೋಡು. ಹೊರಗಿನ ಸರ್ವರಿನ ಹೆಸರಿರಬೇಕು.

ನಿನ್ನೆಯಿಂದ ಒಂದು ಅನುಮಾನ ಕೊರೆಯುತ್ತಿದೆ. ಆ ಕಂಪ್ಯೂಟರಿಗೂ ನಾನು ಅಪ್ಪನ ಹೆಸರನ್ನೇ ಇಟ್ಟಿದ್ದೆ. ಆವಲಪ್ಪ ಅಂತ. ನಮ್ಮ ವಿಳಾಸಗಳ ಕೊನೆಯಲ್ಲಿರುವುದೂ ಅದೇ ಹೆಸರು. ಆ ಹೆಸರಿಗೆ ಬಂದದ್ದೆಲ್ಲ ನಿನ್ನದೇ, ಹೊರಗೆ ಕಳಿಸಬೇಡ ಅಂತ ಯಂತ್ರದ ಕಡತದಲ್ಲಿ ಒಂದು ಸಾಲು ಬರೆದಿದ್ದೆ. ಆಗ ಎಲ್ಲರೂ ಮನೆಯಲ್ಲೇ ಇದ್ದೆವು. ಈ ಕೋಣೆಯಿಂದ ಆ ಕೋಣೆಗೆ ಹೋಗುವ ಪತ್ರ ಊರು ಸುತ್ತಿ ಬರುವುದು ಯಾಕೆ ಅಂತ. ಮದುವೆಯ ಗಡಿಬಿಡಿಯಲ್ಲಿ ಆ ಸಾಲನ್ನು ತೆಗೆದೆನೋ ಇಲ್ಲವೋ ನೆನಪಾಗುತ್ತಿಲ್ಲ.

ಆದರೆ ಅದು ಹಾಗೇ ಉಳಿದಿದ್ದರೂ ಲೆಕ್ಕ ಕೂಡುವುದಿಲ್ಲ. ಆ ಯಂತ್ರದಲ್ಲಿ ಈಗ ಸರಳಾ ಅನ್ನುವ ಖಾತೆಯೇ ಇಲ್ಲ. 2008ರಲ್ಲಿ ಡಿಸ್ಕ್ ಬದಲಿಸಿದಾಗ ನನ್ನ ಖಾತೆ ತೆಗೆದುಹಾಕು ಅಂದಿದ್ದೆ, 'ತೆಗೆದೆ' ಅಂತ ನೀನೇ ಬರೆದಿದ್ದೆ. ಇಲ್ಲದವಳಿಗೆ ಬರೆದ ಪತ್ರ ಆ ಕ್ಷಣವೇ ನಿನಗೆ ವಾಪಸ್ ಬರಬೇಕಿತ್ತು. ಬಂದಿಲ್ಲ ಅನ್ನುತ್ತೀಯ. ಎಲ್ಲಿ ಸುತ್ತಿದರೂ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತೇನೆ, ನೀನು ಬರೆದೇ ಇಲ್ಲ ಅನ್ನುವಲ್ಲಿಗೆ.

ಜಗನ್ ಕಾಗದವನ್ನು ಮೇಜಿನ ಮೇಲೆ ಬಿಡಿಸಿಟ್ಟು, ಪೆನ್ನನ್ನೂ ಇಟ್ಟು ಹೋಗುತ್ತಾರೆ.

ಸರಳಾ


ಸುಬ್ರಮಣಿಯಿಂದ ಸರಳಾಗೆ, ಪ್ರೆಸ್‌ನ ವಿಳಾಸದಿಂದ
ಯಲಹಂಕ, 17 ಮಾರ್ಚ್

ಸರಳಾ,

'ರಿಲೇ' ಪಕ್ಕದಲ್ಲಿರುವ ಮಾತು 'ಲೋಕಲ್'. ಎರಡೂ ಸಾಲಿನಲ್ಲಿ. ಹೊರಗಿನ ಯಾರ ಹೆಸರೂ ಇಲ್ಲ.

ನಿನ್ನ ಖಾತೆಯನ್ನು ನಾನು ತೆಗೆದಿಲ್ಲ.

ಆ ದಿನ ತೆಗೆಯಲು ಕೂತಿದ್ದೆ. ಪರದೆಯ ಮೇಲೆ ಮನೆಯವರೆಲ್ಲರ ಹೆಸರಿತ್ತು. ಅಮ್ಮ ಹಿಂದೆ ಬಂದು ನಿಂತಳು. ಅವಳಿಗೆ ಇಂಗ್ಲಿಷ್ ಓದಲು ಬರದಿದ್ದರೂ ನಿನ್ನ ಹೆಸರಿನ ಅಕ್ಷರಗಳ ಗುರುತು ಉಂಟು, ನಿನ್ನ ತಟ್ಟೆಯ ಮೇಲೆ ಕೊರೆಸಿರುವುದು ಅದೇ ತಾನೆ. "ಏನೋ ಮಾಡ್ತಿದೀಯ?" ಅಂದಳು. ಸರಳಾ ಹೆಸರು ತೆಗೀತಿದೀನಿ, ಅವಳೇ ಹೇಳಿದ್ದು ಅಂದೆ.

"ಅವ್ಳು ಯೋಳ್ತಾಳೆ, ನೀನ್ ತೆಗೀತೀಯ! ಎಣ್ಮಗಳ ತಟ್ಟೆ ತವರಲ್ಲಿರ್ಬೇಕು ಕಣೋ. ನಾಳೀಕ್ ಬಂದ್ರೆ ಬ್ಯಾರೆಯೋರ್ ತಟ್ಟೇಲಿ ಉಣ್ಬೇಕಾ? ಅಂಗೇ ಮಡಗು."

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಹೆಸರು ಕೊರೆಸಿದ ನಿನ್ನ ಸ್ಟೀಲ್ ತಟ್ಟೆ ಇನ್ನೂ ಗೂಡಿನಲ್ಲಿದೆ. ಹಬ್ಬದ ಹಿಂದಿನ ದಿನ ಅಮ್ಮ ಎಲ್ಲರ ತಟ್ಟೆಯ ಜೊತೆ ಅದನ್ನೂ ಬೆಳಗುತ್ತಾಳೆ, ಅದರಲ್ಲಿ ಯಾರಿಗೂ ಬಡಿಸುವುದಿಲ್ಲ. ಕಂಪ್ಯೂಟರಿಗೂ ಅದೇ ನಿಯಮ ಅಂದುಕೊಂಡಳು. ನಾನು ಮಡಗಿದೆ. ನಿನಗೆ ಇದನ್ನೆಲ್ಲ ವಿವರಿಸುವುದು ಹೇಗೆ ಅಂತ 'ತೆಗೆದೆ' ಅಂತ ಬರೆದುಬಿಟ್ಟೆ.

ಪತ್ರಗಳು ಬಂದು ಬೀಳುವ ಜಾಗವನ್ನು ಹುಡುಕಿ ನೋಡಿದೆ. ನಾಲ್ಕು ಹೆಸರಿವೆ. ನನ್ನದು, ತೇಜಸ್ವಿನಿಯದು, ಅಮ್ಮನದು, ನಿನ್ನದು. ಅಮ್ಮನದು ಖಾಲಿ. ನಿನ್ನದರಲ್ಲಿ ಪತ್ರಗಳಿವೆ, ಯಾರೂ ತೆರೆದಿಲ್ಲ. ನಾನು ಬರೆದದ್ದೆಲ್ಲ ಈ ಮನೆ ದಾಟಿಯೇ ಇಲ್ಲ. ಯಂತ್ರದ ಲೆಕ್ಕದಲ್ಲಿ ಸರಳಾ ಇನ್ನೂ ಇಲ್ಲಿಯೇ ಇದ್ದಾಳೆ. ನಿನ್ನ ಪತ್ರವನ್ನು ನಿನ್ನ ಕೋಣೆಗೆ ತಂದು ಇಟ್ಟಿದೆ, ಅಷ್ಟೇ.

8ರ ಪತ್ರವೂ ಅದರೊಳಗೇ ಇರಬೇಕು. ಕ್ಯಾಲೆಂಡರಿನ ಪಾಸ್‌ವರ್ಡಿನಿಂದ ನಾನು ಅದನ್ನು ತೆರೆಯಬಹುದು ಅಂತ ಕಾಣುತ್ತದೆ. ನಿನ್ನ ಪರವಾಗಿ ತೆರೆದು, ದಿನಾಂಕದ ಸಮೇತ ಎಲ್ಲವನ್ನೂ ನಕಲು ಮಾಡಿ ಕಳಿಸಲೇ? ನೀನು ಹೂಂ ಅಂದರೆ ಇವತ್ತೇ ಮಾಡುತ್ತೇನೆ.

ಅಣ್ಣ


ಸುಬ್ರಮಣಿಯಿಂದ ಸರಳಾಗೆ, ಪ್ರೆಸ್‌ನ ವಿಳಾಸದಿಂದ
ಯಲಹಂಕ, 24 ಮಾರ್ಚ್

ಸರಳಾ,

ಒಂದು ವಾರವಾಯಿತು. ಈ ವಿಳಾಸದ ಪತ್ರವೂ ನಿನಗೆ ಮುಟ್ಟುತ್ತಿಲ್ಲವೇ? ಮುಟ್ಟಿಯೂ ಸುಮ್ಮನಿದ್ದೀಯಾ? ಎರಡರಲ್ಲಿ ಯಾವುದು ಅಂತ ತಿಳಿಯುವ ದಾರಿ ನನಗೆ ಇಲ್ಲ.

ನಾನು ನಿನ್ನ ಅಂಚೆಪೆಟ್ಟಿಗೆ ತೆರೆದಿಲ್ಲ. ಎರಡು ಸಲ ಹೋಗಿ ಕೂತೆ, ಎದ್ದು ಬಂದೆ. ವೀರಬಸಪ್ಪನವರು ಮೊನ್ನೆ ಖಾಲಿ ಮಾಡಿದರು. ರೊಟ್ಟಿ ಹಂಚನ್ನು ತೇಜಸ್ವಿನಿಗೆ ಬಿಟ್ಟುಹೋಗಿದ್ದಾರೆ. ಅವಳು ತಟ್ಟಿದ ಮೊದಲ ರೊಟ್ಟಿ ನೋಡಿ ಅಮ್ಮ, "ಇದೇನೇ, ಇಂಡಿಯಾ ಮ್ಯಾಪು?" ಅಂದಳು. ರೂಮಿಗೆ ಸುಣ್ಣ ಹೊಡೆಸಿದ್ದೇನೆ. ಅಮ್ಮ ಯಾಕೆ ಅಂತ ಕೇಳಲಿಲ್ಲ. ಅದೇ ನನಗೆ ಹೆದರಿಕೆ.

ನೀನು ಸಹಿ ಹಾಕಿದ್ದರೂ ಒಂದು ಸಾಲು ಬರೆ.

ಅಣ್ಣ


ಸರಳಾಳಿಂದ ಸುಬ್ರಮಣಿಗೆ
ಕಿನ್ನೋರ್, 28 ಮಾರ್ಚ್

ಅಣ್ಣಾ,

ಪೆಟ್ಟಿಗೆ ತೆರೆಯಬೇಡ. ನಕಲು ಮಾಡಬೇಡ, ಕಳಿಸಬೇಡ.

'ನಿನ್ನ ಪರವಾಗಿ' ಅಂತ ನೀನು ಬರೆದ ಮಾತು ಓದಿ ಆ ದಿನ ಪರದೆ ಮುಚ್ಚಿ ಎದ್ದು ಹೋದೆ. ನಿನಗೆ ತಿಳಿಯದು, ನಾನೂ ಹೇಳಿರಲಿಲ್ಲ. ಮೂರು ವರ್ಷದಿಂದ ನನಗೆ ಬಂದ ಪ್ರತಿ ಪತ್ರವನ್ನೂ ಜಗನ್ ಮೊದಲು ಓದುತ್ತಾರೆ. ಓದಿ, ಉತ್ತರವನ್ನೂ ಬರೆದುಬಿಡುತ್ತಾರೆ. ಸಂಜೆ ಬಂದು, "ನಿನ್ನ ಪರವಾಗಿ ಬರೆದಿದ್ದೇನೆ," ಅನ್ನುತ್ತಾರೆ. ಸಿಟ್ಟಿನಿಂದಲ್ಲ, ಸಹಾಯ ಮಾಡಿದವರ ಹಾಗೆ. ಹೋದ ಯುಗಾದಿಗೆ ಅತ್ತಿಗೆಗೆ ಬಂದ ಶುಭಾಶಯ ನನ್ನದಲ್ಲ. ನಿನ್ನ ಹುಟ್ಟುಹಬ್ಬಕ್ಕೆ ಬಂದದ್ದೂ. ನೀನು ಅದಕ್ಕೆ, 'ನಿನ್ನ ಬರವಣಿಗೆ ಸುಧಾರಿಸಿದೆ' ಅಂತ ಬರೆದಿದ್ದೆ. ಅದನ್ನು ಅವರು ನನಗೆ ಓದಿ ಹೇಳಿದರು.

ಇದನ್ನು ಯಾರಿಗೆ ಹೇಳಿದರೂ, ಅಷ್ಟೇನಾ ಅನ್ನುತ್ತಾರೆ. ಅದಕ್ಕೇ ಕಾರಣ ಕೇಳಬೇಡ ಅಂದದ್ದು.

ನನ್ನ ಹೆಸರಿಗೆ ಬಂದು, ಯಾರೂ ಓದದೆ ಇರುವ ಪತ್ರಗಳು ಪ್ರಪಂಚದಲ್ಲಿ ಇರುವುದು ಆ ಒಂದೇ ಜಾಗದಲ್ಲಿ. ಅವನ್ನು ನಾನೇ ತೆರೆಯಬೇಕು. 8ರ ಪತ್ರ ಅಲ್ಲಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನೋಡಿ ಆಮೇಲೆ ಹೊರಡಬೇಕು ಅಂದುಕೊಂಡಿದ್ದೆ. ನೋಡದೆ ಹೊರಡುತ್ತಿದ್ದೇನೆ.

ಕಾಗದಕ್ಕೆ ಸಹಿ ಹಾಕಿಲ್ಲ. ನಿನ್ನೆ ಜಗನ್‌ಗೆ ಹೇಳಿದೆ. "ಸರಿ, ನಿಮ್ಮಣ್ಣನಿಗೆ ನಾನೇ ಬರೆದು ತಿಳಿಸುತ್ತೇನೆ," ಅಂದರು. ಬೇಡ, ನಾನು ಬರೆದಾಗಿದೆ ಅಂದೆ.

ನಾಳೆ ಬೆಳಿಗ್ಗೆ ಬಸ್ಸು. ಕುಬ್ರಾ ದಿಲ್ಲಿಯಿಂದ ಟಿಕೆಟ್ ಮಾಡಿಸಿದ್ದಾಳೆ. ಶನಿವಾರ ಯಶವಂತಪುರ. ಒಂದು ಟ್ರಂಕು, ಒಂದು ಚೀಲ.

ಸರಳಾ


ಸರಳಾಳಿಂದ ಸುಬ್ರಮಣಿಗೆ, ಮನೆಯ ಕಂಪ್ಯೂಟರಿನಿಂದ
ಕೋಗಿಲು, 5 ಏಪ್ರಿಲ್

ಅಣ್ಣಾ,

ನೀನು ಪ್ರೆಸ್‌ಗೆ ಹೋಗಿದ್ದೀಯ. ಯುಗಾದಿ ಮುಗಿದು ಇವತ್ತು ವರ್ಷತೊಡಕು; ಅಮ್ಮ ಮಸಾಲೆ ಅರೆಯುತ್ತ ಯಾರ ಕೋಳಿ ಎಷ್ಟು ಚೆನ್ನ ಅಂತ ಅತ್ತಿಗೆಗೆ ಹೇಳುತ್ತಿದ್ದಾಳೆ. ಬಂದ ದಿನದಿಂದ ನನ್ನನ್ನು ಏನೂ ಕೇಳಿಲ್ಲ. ತಟ್ಟೆ ಇಟ್ಟು, "ಉಣ್ಣು," ಅಂದಳು ಅಷ್ಟೇ. ನೀನೂ ಕೇಳಿಲ್ಲ. ಸ್ಟೇಷನ್ನಿನಿಂದ ಬರುವಾಗ ಆಟೋದಲ್ಲಿ ದಾರಿಯುದ್ದಕ್ಕೂ ಹೊಸ ಫ್ಲೈಓವರ್‌ಗಳ ವಿಷಯವನ್ನೇ ಹೇಳಿದೆ.

ಮೂರು ದಿನ ಈ ಯಂತ್ರದ ಮುಂದೆ ಕೂರಲಿಲ್ಲ. ಹತ್ತಿರ ಬಂದಾಗಲೆಲ್ಲ ಏನಾದರೂ ಕೆಲಸ ನೆನಪಾಗುತ್ತಿತ್ತು. ನೀನೂ ಏನೋ ನೆಪದಲ್ಲಿ ಎರಡು ಸಲ ಇದರ ಧೂಳು ಒರೆಸಿದ್ದನ್ನು ನಾನು ನೋಡಿದೆ.

ಇವತ್ತು ಕೂತೆ. ನನ್ನ ಹಳೆಯ ಪಾಸ್‌ವರ್ಡ್ ಬೆರಳಿಗೆ ನೆನಪಿತ್ತು. ತೆರೆದ ಕೂಡಲೇ 'ನಿಮಗೆ ಹೊಸ ಪತ್ರಗಳಿವೆ' ಅಂದಿತು.

ಮೂರಲ್ಲ, ನಾಲ್ಕಿವೆ.

ಮೊದಲನೆಯದು ಫೆಬ್ರವರಿ 8, ಅದೇ ಸಂಜೆಯದು. ನೀನು ಹೇಳಿದ ಹಾಗೆಯೇ ಇದೆ. ಇದನ್ನು ಬರೆದು ಮುಗಿಸುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಎರಡನೆಯದು ಮಾರನೆಯ ದಿನದ್ದು, ಅತ್ತಿಗೆ ಬರೆದದ್ದು. ನಿನಗೂ ಗೊತ್ತಿಲ್ಲ ಅಂತ ಕಾಣುತ್ತದೆ. 'ನಿಮ್ಮಣ್ಣ ಬಾ ಅಂತ ಬರೆದಿರ್ತಾರೆ, ರೂಮು ಬಾಡಿಗೆಗೆ ಇದೆ ಅನ್ನೋದನ್ನ ಬರೆದಿರಲ್ಲ. ಅದನ್ನ ಮೊದಲೇ ಹೇಳಿಬಿಡಿ ಅಂದೆ, ಕುಕ್ಕರ್ ಕೂಗಿತು, ಅವರಿಗೆ ಕೇಳಿಸಲಿಲ್ಲ. ಅದಕ್ಕೆ ನಾನೇ ಹೇಳ್ತಿದೀನಿ. ಬಾಡಿಗೆಯವರು ಖಾಲಿ ಮಾಡೋವರೆಗೂ ನೀವು ನಮ್ಮ ಜೊತೆ ಹಾಲ್‌ನಲ್ಲಿ ಮಲಗಬೇಕಾಗುತ್ತೆ. ಸೊಳ್ಳೆ ಇದಾವೆ. ಆದರೂ ಬನ್ನಿ.' ಇಷ್ಟೇ ಇದೆ. ಓದಿ ಅಡುಗೆಮನೆಗೆ ಹೋದೆ. ಅತ್ತಿಗೆಗೆ ಬೆಳ್ಳುಳ್ಳಿ ಬಿಡಿಸಿಕೊಟ್ಟು ಬಂದೆ.

ತೊಂದರೆ ಏನು ಅಂತಲೂ ನೋಡಿದೆ. ನನ್ನದೇ ಆ ಸಾಲು, ಆವಲಪ್ಪ ಅನ್ನುವ ಹೆಸರಿಗೆ ಬಂದದ್ದೆಲ್ಲ ನಿನ್ನದೇ ಅಂತ ಯಂತ್ರಕ್ಕೆ ಹೇಳುವುದು. ಹಾಗೇ ಇದೆ. ಅಳಿಸಿದರೆ ಸರಿಹೋಗುತ್ತದೆ, ಒಂದು ನಿಮಿಷದ ಕೆಲಸ.

ಅಳಿಸಲಿಲ್ಲ. ನೀನು ನನಗೆ ಬರೆದದ್ದು ಇನ್ನೂ ಈ ಮನೆಯೊಳಗೇ ಉಳಿಯುತ್ತದೆ. ಸದ್ಯಕ್ಕೆ ಅದು ತಪ್ಪಲ್ಲ.

ಸಂಜೆ ಬೇಗ ಬಾ. ಅಮ್ಮ ಕಾಯುವುದಿಲ್ಲ, ಬಡಿಸಿಬಿಡುತ್ತಾಳೆ.

ಸರಳಾ